ನೋವಿನಲ್ಲಿ, ಬಲಹೀನತೆಯಲ್ಲಿ ಸತ್ಯವೇದ ತೆರೆಯುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಯಿಲೆ, ಸಾವು, ಸಾಲ, ಮುರಿದ ಸಂಬಂಧ, ಕಾರಣವೇ ತಿಳಿಯದ ದುಃಖ. ಇಂಥ ಹೊತ್ತಿನಲ್ಲಿ ಸತ್ಯವೇದ ಕೈಗೆತ್ತಿಕೊಂಡವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಎಲ್ಲವನ್ನೂ ಒಂದೇ ಸಲಕ್ಕೆ ಓದಬೇಕಿಲ್ಲ. ನಿಮ್ಮನ್ನು ಕಾಡುವ ಪ್ರಶ್ನೆ ಯಾವುದೋ ಅದನ್ನು ಮೊದಲು ಓದಿ. ಉಳಿದದ್ದನ್ನು ಆಮೇಲೆ ನೋಡಿದರಾಯಿತು.

ತುಂಬಾ ಕುಸಿದುಹೋಗಿದ್ದೇನೆ. ಎಲ್ಲಿಂದ ಓದಲು ಶುರು ಮಾಡಲಿ?

ಕೀರ್ತನೆಗಳಿಂದ. ಅದರಲ್ಲೂ ಅಳುವ ಕೀರ್ತನೆಗಳಿಂದ.

ಸಂಕಟದಲ್ಲಿ ಇರುವವರಿಗೆ "ಸ್ತೋತ್ರ ಮಾಡಿ, ಎಲ್ಲಾ ಸರಿಹೋಗುತ್ತೆ" ಎಂದು ಹೇಳುವುದು ಸಭೆಗಳಲ್ಲಿ ರೂಢಿ. ಆದರೆ 150 ಕೀರ್ತನೆಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಭಾಗ ಗೋಳಾಟ, ದೂರು, ಮೊರೆ. ಅವು ಪ್ರಾರ್ಥನೆಯ ಪುಸ್ತಕದಲ್ಲೇ ಇವೆ ಎಂಬುದನ್ನು ಗಮನಿಸಿ. ದೇವಜನರು ಅವನ್ನು ಒಟ್ಟಿಗೆ ಕೂಡಿ ಹಾಡುತ್ತಿದ್ದರು.

13ನೇ ಕೀರ್ತನೆ ಆರೇ ವಚನ. "ದೇವರೇ, ಇನ್ನೂ ಎಷ್ಟು ದಿನ? ನನ್ನನ್ನು ಮರೆತೇಬಿಟ್ಟೆಯಾ?" ಎಂದು ಶುರುವಾಗುತ್ತದೆ. 130ನೇ ಕೀರ್ತನೆ ಎಂಟು ವಚನ. ಆಳದಲ್ಲಿ ಬಿದ್ದವನೊಬ್ಬ ಅಲ್ಲಿಂದಲೇ ಕೂಗುತ್ತಾನೆ, ಬೆಳಗಾಗುವುದನ್ನು ಕಾಯುವ ಕಾವಲುಗಾರರಿಗಿಂತ ಹೆಚ್ಚಾಗಿ ಕಾಯುತ್ತಾನೆ. 42ನೇ ಕೀರ್ತನೆಯಲ್ಲಿ ಒಬ್ಬ ತನ್ನ ಪ್ರಾಣವನ್ನೇ ಕೂರಿಸಿಕೊಂಡು "ಯಾಕೆ ಹೀಗೆ ಕುಗ್ಗಿದ್ದೀ?" ಎಂದು ಕೇಳುತ್ತಾನೆ. ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ. ದಿನಕ್ಕೆ ಒಂದು ಸಲ, ಸಾಧ್ಯವಾದರೆ ಬಾಯಿಬಿಟ್ಟು ಓದಿ. ಒಂದು ವಾರ ಅದೊಂದೇ ಸಾಕು.

ದೇವರ ಮೇಲೆ ಕೋಪ ಬರುತ್ತಿದೆ. ಇದು ಪಾಪವೇ?

ನಿಮಗಿಂತ ಮೊದಲು ಆ ಕೋಪವನ್ನು ಆಡಿ ತೋರಿಸಿದವರು ಸತ್ಯವೇದದಲ್ಲಿ ತುಂಬಾ ಜನ ಇದ್ದಾರೆ.

ನೊವೊಮಿ ಪರದೇಶದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡು ಬೇತ್ಲೆಹೇಮಿಗೆ ವಾಪಸ್ ಬರುತ್ತಾಳೆ. ಊರಿನ ಹೆಂಗಸರು ಹೆಸರು ಹಿಡಿದು ಕರೆದಾಗ, ನನ್ನನ್ನು ಆ ಹೆಸರಿನಿಂದ ಕರೆಯಬೇಡಿ, ದೇವರು ನನ್ನ ಬಾಳನ್ನು ಬಹಳ ಕಹಿ ಮಾಡಿದ್ದಾನೆ ಅನ್ನುತ್ತಾಳೆ. ಯಾರೂ ಅವಳ ಬಾಯಿ ಮುಚ್ಚಿಸುವುದಿಲ್ಲ. ಆ ಪುಸ್ತಕವೂ ಅವಳನ್ನು ಬೈಯುವುದಿಲ್ಲ. ಯೆರೆಮೀಯ 20ನೇ ಅಧ್ಯಾಯದಲ್ಲಿ, ನೀನು ನನ್ನನ್ನು ಮರುಳುಗೊಳಿಸಿದೆ ಎಂದು ದೇವರಿಗೇ ಹೇಳುತ್ತಾನೆ. ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಆಮೇಲೂ ಅವನು ಪ್ರವಾದಿಯಾಗಿಯೇ ಉಳಿದ.

ಯೆರೆಮೀಯನಲ್ಲಿ, ಗೋಳಿನ ಕೀರ್ತನೆಗಳನ್ನು ಹಾಡಿದವರಲ್ಲಿ ನನಗೆ ಕಾಣುವುದು ಒಂದು ಸಂಗತಿ. ಅವರು ದೇವರ ಬಗ್ಗೆ ಬೇರೆಯವರ ಹತ್ತಿರ ದೂರಿ ಸುಮ್ಮನಾಗಲಿಲ್ಲ, ದೇವರಿಗೇ ಮುಖ ಕೊಟ್ಟು ಮಾತಾಡಿದರು. 88ನೇ ಕೀರ್ತನೆ ಇದರ ಕೊನೆಯ ಅಂಚು. ಉಳಿದ ಗೋಳಿನ ಕೀರ್ತನೆಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಒಂದು ತಿರುವು ಬರುತ್ತದೆ, ಸ್ತುತಿ ಬರುತ್ತದೆ. ಇದರಲ್ಲಿ ಬರುವುದೇ ಇಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಮೊದಲ ಮಾತಿನಲ್ಲೇ "ನನ್ನನ್ನು ರಕ್ಷಿಸುವ ದೇವರೇ" ಎಂದು ಕರೆದಿದೆ. ಅಷ್ಟೇ ನಂಬಿಕೆ ಉಳಿದಿದ್ದರೂ ಅದು ಪ್ರಾರ್ಥನೆಯೇ.

ಇದು ನನ್ನ ಪಾಪಕ್ಕೆ ಬಂದ ಶಿಕ್ಷೆಯೇ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಎಲ್ಲಕ್ಕಿಂತ ಜಾಸ್ತಿ ಗಾಯ ಮಾಡಿರುವುದೂ ಇದಕ್ಕೆ ಕೆಲವರು ಕೊಟ್ಟ ಉತ್ತರಗಳೇ.

ಯೋಹಾನನ ಸುವಾರ್ತೆ 9ನೇ ಅಧ್ಯಾಯ ನೋಡಿ. ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು ಕೇಳುತ್ತಾರೆ: ಪಾಪ ಮಾಡಿದ್ದು ಯಾರು, ಇವನಾ, ಇವನ ತಂದೆತಾಯಿಯಾ? ಅವರ ಮುಂದೆ ಎರಡೇ ಆಯ್ಕೆ. ಯೇಸು ಎರಡನ್ನೂ ತಳ್ಳಿಹಾಕುತ್ತಾನೆ. ಆಮೇಲೆ ಆ ಮನುಷ್ಯನ ಕಣ್ಣಿಗೆ ಮಣ್ಣಿನ ಕೆಸರು ಹಚ್ಚಿ ತೊಳೆದುಕೋ ಎಂದು ಕಳಿಸುತ್ತಾನೆ. ಶಿಷ್ಯರಿಗೆ ಅವನು ಚರ್ಚೆಯ ವಿಷಯವಾಗಿದ್ದ. ಯೇಸುವಿಗೆ ಅವನು ಮನುಷ್ಯ.

ಲೂಕ 13ರಲ್ಲಿ ಇನ್ನೊಂದು ಪ್ರಸಂಗ ಇದೆ. ಸಿಲೋವದಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಯೆರೂಸಲೇಮಿನ ಬೇರೆ ಎಲ್ಲರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ ಎಂದು ಕೇಳಿ, ಇಲ್ಲ ಎಂದು ಯೇಸುವೇ ಹೇಳುತ್ತಾನೆ. ಜೊತೆಗೆ, ಕೇಳುತ್ತಿದ್ದವರು ತಮ್ಮ ಬದುಕನ್ನು ನೋಡಿಕೊಂಡು ದೇವರ ಕಡೆ ತಿರುಗಬೇಕು ಎಂದೂ ಎಚ್ಚರಿಸುತ್ತಾನೆ. ಸತ್ತವರ ಪಾಪದ ಲೆಕ್ಕ ಹಾಕಲು ಬಿಡುವುದಿಲ್ಲ.

ಯೋಬನ ಪುಸ್ತಕವಂತೂ ಈ ಪ್ರಶ್ನೆಯ ಮೇಲೆಯೇ ನಿಂತಿದೆ. ಯೋಬ ನೀತಿವಂತ ಎಂದು ಮೊದಲ ವಚನವೇ ಹೇಳುತ್ತದೆ. ಆದರೆ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲಾ ಕಳೆದುಕೊಂಡ ಅವನಿಗೆ ಸ್ನೇಹಿತರು "ನೀನು ಏನೋ ತಪ್ಪು ಮಾಡಿರಲೇಬೇಕು" ಎಂದು ಅಧ್ಯಾಯದ ಮೇಲೆ ಅಧ್ಯಾಯ ವಾದ ಮಾಡುತ್ತಾರೆ. ಅವರ ಮಾತುಗಳು ಕೇಳಲು ಭಕ್ತಿಯಿಂದಲೇ ತುಂಬಿವೆ. ಕೊನೆಯ ಅಧ್ಯಾಯದಲ್ಲಿ ದೇವರು ಅವರಿಗೆ, ನನ್ನ ಸೇವಕ ಯೋಬ ಆಡಿದ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ ಎಂದು ಕೋಪದಿಂದ ಹೇಳುತ್ತಾನೆ. ದೂರು ಹೇಳಿದವನು ಸರಿ, ದೇವರ ಪರವಾಗಿ ವಕಾಲತ್ತು ಮಾಡಿದವರು ತಪ್ಪು. ನಿಮ್ಮ ಹಾಸಿಗೆಯ ಪಕ್ಕ ನಿಂತು ನಿಮ್ಮ ಪಾಪ ಹುಡುಕುವವರು ಇದ್ದರೆ ಈ ಅಧ್ಯಾಯವನ್ನು ನೆನಪಿಡಿ.

ನಾವು ಮಾಡಿದ ಕೆಲಸದ ಫಲ ಕೆಲವು ಸಲ ನಮಗೇ ಬರುತ್ತದೆ, ಅದು ನಿಜ. ಕುಡಿತ ದೇಹವನ್ನು ಕೆಡಿಸುತ್ತದೆ, ಸುಳ್ಳು ಸಂಸಾರವನ್ನು ಒಡೆಯುತ್ತದೆ. ದಾವೀದನಿಗೂ ಹಾಗಾಯಿತು. ಅಂಥವರಿಗಾಗಿ 32 ಮತ್ತು 51ನೇ ಕೀರ್ತನೆಗಳಿವೆ. ಒಪ್ಪಿಕೊಂಡವನನ್ನು ದೇವರು ದೂರ ತಳ್ಳುವುದಿಲ್ಲ ಎಂಬುದೇ ಅವೆರಡರ ತಿರುಳು. ಹಾಗಾಗಿ ತಪ್ಪಿದ್ದರೂ ದಾರಿ ಅವನ ಕಡೆಗೇ, ಇಲ್ಲದಿದ್ದರೂ ಅವನ ಕಡೆಗೇ.

ಹಾಗಾದರೆ ಯಾಕೆ ನನಗೇ ಹೀಗಾಯಿತು?

ಸತ್ಯವೇದ ಈ ಪ್ರಶ್ನೆಗೆ ಒಬ್ಬೊಬ್ಬರಿಗೂ ಉತ್ತರ ಕೊಡುವುದಿಲ್ಲ. ಯೋಬನ ಪುಸ್ತಕದ 38ನೇ ಅಧ್ಯಾಯದಿಂದ ದೇವರು ಬಿರುಗಾಳಿಯೊಳಗಿಂದ ಯೋಬನ ಜೊತೆ ಮಾತಾಡುತ್ತಾನೆ. ಸಮುದ್ರ, ನಕ್ಷತ್ರ, ಮಂಜು, ಕಾಡುಮೇಕೆ ಎಲ್ಲದರ ಮಾತು ಬರುತ್ತದೆ. ಯೋಬನ ಕಷ್ಟಕ್ಕೆ ಕಾರಣ ಮಾತ್ರ ಬರುವುದಿಲ್ಲ. ಮೊದಲ ಎರಡು ಅಧ್ಯಾಯಗಳಲ್ಲಿ ಓದುಗರಾದ ನಮಗೆ ತಿಳಿದದ್ದನ್ನು ಯೋಬನಿಗೆ ಯಾರೂ ಕೊನೆವರೆಗೂ ಹೇಳುವುದಿಲ್ಲ. ಆದರೂ ಅವನು, ನಿನ್ನ ವಿಷಯ ಕಿವಿಯಿಂದ ಕೇಳಿದ್ದೆ, ಈಗ ಕಣ್ಣಾರೆ ಕಂಡೆ ಎಂದು ಹೇಳಿ ತಣ್ಣಗಾಗುತ್ತಾನೆ. ಅವನಿಗೆ ಸಿಕ್ಕಿದ್ದು ದೇವರೇ. ವಿವರಣೆ ಸಿಗಲಿಲ್ಲ.

ಯಾರಾದರೂ ನಿಮ್ಮ ನೋವಿಗೆ ಕಾರಣ ಗೊತ್ತು ಅಂದರೆ ಅವರಿಗೆ ದೇವರಿಗಿಂತ ಜಾಸ್ತಿ ಮಾತು ಬರುತ್ತದೆ ಎಂದೇ ಅರ್ಥ.

"ನಿನ್ನ ನಂಬಿಕೆ ಕಡಿಮೆ, ಅದಕ್ಕೇ ಗುಣವಾಗಲಿಲ್ಲ" ಅನ್ನುತ್ತಾರೆ. ನಿಜವೇ?

ಈ ಮಾತು ಹೇಳುವವರು ಪೌಲನ ಪತ್ರಗಳನ್ನು ಸಾವಧಾನವಾಗಿ ಓದಬೇಕು.

ಪೌಲನ ಜೊತೆ ಸೇವೆ ಮಾಡುತ್ತಿದ್ದ ತಿಮೊಥೆಯನಿಗೆ ಪದೇ ಪದೇ ಅಸ್ವಸ್ಥತೆ ಇತ್ತು. ಪೌಲ ಅವನಿಗೆ "ನಂಬಿಕೆ ಹೆಚ್ಚಿಸಿಕೋ" ಎಂದು ಬರೆಯಲಿಲ್ಲ, ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ (1 ತಿಮೊಥೆಯ 5:23). ತ್ರೊಫಿಮನನ್ನು ಕಾಯಿಲೆಯಲ್ಲಿ ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು (2 ತಿಮೊಥೆಯ 4:20). ಎಪಫ್ರೊದೀತ ಸಾಯುವ ಹಂತಕ್ಕೆ ಹೋಗಿಬಂದ. ಅವನು ಉಳಿದಿದ್ದನ್ನು ಪೌಲ ದೇವರ ಕರುಣೆ ಎಂದು ಕರೆದ, ಅವನ ನಂಬಿಕೆಗೆ ಸಿಕ್ಕ ಬಹುಮಾನ ಎಂದು ಕರೆಯಲಿಲ್ಲ (ಫಿಲಿಪ್ಪಿ 2:27). ಬೇರೆಯವರನ್ನು ಪ್ರಾರ್ಥನೆಯಿಂದ ಗುಣಪಡಿಸಿದ ಅದೇ ಪೌಲನ ಕೈಕೆಳಗೇ ಇವೆಲ್ಲಾ ನಡೆದವು.

ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯವನ್ನು ನಂಬಿಕೆಯ ಅಧ್ಯಾಯ ಎಂದು ಎಲ್ಲರೂ ಹೊಗಳುತ್ತಾರೆ. ಅದರ 35ನೇ ವಚನದ ನಡುವೆ ಕಥೆ ತಿರುಗುತ್ತದೆ. ಅಲ್ಲಿಯವರೆಗೆ ಸಿಂಹಗಳ ಬಾಯಿ ಮುಚ್ಚಿಸಿದವರು, ಕತ್ತಿಯಿಂದ ತಪ್ಪಿಸಿಕೊಂಡವರು. ಅಲ್ಲಿಂದ ಮುಂದೆ ಹಿಂಸೆಗೊಳಗಾದವರು, ಕತ್ತಿಗೆ ಬಲಿಯಾದವರು, ಗುಹೆಗಳಲ್ಲಿ ಅಲೆದವರು. ಇಬ್ಬರಿಗೂ ಒಂದೇ ಸಾಕ್ಷಿ, ನಂಬಿಕೆಯಿಂದ ಬದುಕಿದರು ಎಂದು. ಬಿಡುಗಡೆ ಸಿಕ್ಕವರ ನಂಬಿಕೆ ದೊಡ್ಡದು, ಸಿಗದವರದ್ದು ಚಿಕ್ಕದು ಎಂಬ ಮಾತು ಅಲ್ಲಿ ಎಲ್ಲೂ ಇಲ್ಲ.

ನಿಮ್ಮ ನಂಬಿಕೆ ನಿಜವಾಗಿಯೂ ಸಣ್ಣದು ಅನ್ನಿಸುತ್ತಿದ್ದರೆ ಮಾರ್ಕ 9:24 ನಿಮ್ಮದು. ಕಾಯಿಲೆಯ ಮಗನನ್ನು ಕರೆತಂದ ತಂದೆ "ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು" ಎಂದು ಕೂಗಿದ. ಯೇಸು ಅವನನ್ನು ಪರೀಕ್ಷೆಯಲ್ಲಿ ಫೇಲ್ ಮಾಡಿ ಕಳಿಸಲಿಲ್ಲ.

"ಬಲಹೀನತೆಯಲ್ಲಿ ಬಲ" ಅಂದರೆ ಏನು? ನನಗೆ ಬಲಹೀನತೆ ಮಾತ್ರ ಕಾಣುತ್ತಿದೆ.

ಈ ಮಾತು ಇರುವುದು 2 ಕೊರಿಂಥ 12ರಲ್ಲಿ. ಅದನ್ನು ಒಂಟಿಯಾಗಿ ಕಿತ್ತು ಓದಿದರೆ ಗೋಡೆಗೆ ತೂಗುಹಾಕುವ ವಾಕ್ಯದ ಹಾಗೆ ಕೇಳಿಸುತ್ತದೆ. ಇಡೀ ಪತ್ರವನ್ನು ಓದಿದರೆ ಬೇರೆ ಮನುಷ್ಯನೇ ಕಾಣುತ್ತಾನೆ.

ಕೊರಿಂಥದಲ್ಲಿ ಪೌಲನನ್ನು ಕೀಳಾಗಿ ನೋಡುವವರು ಇದ್ದರು. ಅವನ ಪತ್ರಗಳು ಗಟ್ಟಿ, ಆದರೆ ಎದುರಿಗೆ ಬಂದರೆ ಅವನಲ್ಲಿ ಏನೂ ಇಲ್ಲ, ಮಾತೂ ಸರಿಯಾಗಿ ಬರುವುದಿಲ್ಲ ಅನ್ನುತ್ತಿದ್ದರು. ಜನರ ಕಣ್ಣು ಕುಕ್ಕುವ ಬೇರೆ ಬೋಧಕರು ಅಲ್ಲಿಗೆ ಬಂದಿದ್ದರು. ಪೌಲ ಅವರಿಗೆ ಎದುರಾಗಿ ತನ್ನ ಸಾಧನೆಗಳ ಪಟ್ಟಿ ಕೊಡಬಹುದಿತ್ತು. ಕೊಟ್ಟಿದ್ದು ಏಟುಗಳ ಪಟ್ಟಿ: ಐದು ಸಲ 39 ಛಡಿಯೇಟು, ಮೂರು ಸಲ ಕೋಲಿನ ಏಟು, ಒಂದು ಸಲ ಕಲ್ಲೆಸೆತ, ಮೂರು ಸಲ ಹಡಗು ಒಡೆದದ್ದು, ಹಸಿವು, ಚಳಿ, ನಿದ್ದೆ ಇಲ್ಲದ ರಾತ್ರಿಗಳು. ಪತ್ರದ ಮೊದಲ ಅಧ್ಯಾಯದಲ್ಲೇ, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ಒಪ್ಪಿಕೊಂಡಿದ್ದ.

ಆಮೇಲೆ ಬರುತ್ತದೆ ಶರೀರದಲ್ಲಿ ನಾಟಿದ ಶೂಲದ ಮಾತು. ಅದು ಏನೆಂದು ಅವನು ಹೇಳುವುದಿಲ್ಲ. ಕಣ್ಣಿನ ತೊಂದರೆ ಇರಬಹುದು, ಮೂರ್ಛೆ ಇರಬಹುದು, ವಿರೋಧಿಗಳ ಕಾಟ ಇರಬಹುದು ಎಂದು ಬಹಳ ಊಹೆಗಳಿವೆ. ಅವನು ಹೇಳದೆ ಬಿಟ್ಟದ್ದು ಒಳ್ಳೆಯದಾಯಿತು ಅನ್ನಿಸುತ್ತದೆ ನನಗೆ. ಯಾವ ನೋವಿನವರಾದರೂ ಅಲ್ಲಿ ತಮ್ಮ ಹೆಸರನ್ನು ಓದಿಕೊಳ್ಳಬಹುದು. ಅದು ತೊಲಗಲಿ ಎಂದು ಮೂರು ಸಲ ಬೇಡಿಕೊಂಡ. ತೊಲಗಲಿಲ್ಲ. ಬಂದ ಉತ್ತರ: "ನನ್ನ ಕೃಪೆಯೇ ನಿನಗೆ ಸಾಕು."

ಇದರ ಅರ್ಥ ನೋವು ಒಳ್ಳೆಯದು ಎಂದಲ್ಲ. ಪೌಲನೇ ಅದನ್ನು ಸೈತಾನನ ದೂತ ಎಂದು ಕರೆದಿದ್ದಾನೆ. ಒಳಗೊಳಗೇ ಒಂದು ಗುಪ್ತ ಶಕ್ತಿ ಉಕ್ಕುತ್ತದೆ ಎಂದೂ ಅಲ್ಲ. ಅವನ ಬಲಹೀನತೆ ಬಲಹೀನತೆಯಾಗಿಯೇ ಉಳಿಯಿತು. ಆದರೆ ಬಲ ಯಾರದ್ದು ಎಂಬುದು ಬದಲಾಯಿತು. 4ನೇ ಅಧ್ಯಾಯದಲ್ಲಿ ಅವನು ತಾನು ಮಣ್ಣಿನ ಗಡಿಗೆ ಅನ್ನುತ್ತಾನೆ. ನಿಧಿ ಒಳಗಿದೆ, ಗಡಿಗೆ ಮಾತ್ರ ಮಣ್ಣಿನದೇ. ದೇವರು ಅದನ್ನು ಚಿನ್ನದ ಗಡಿಗೆ ಮಾಡಲಿಲ್ಲ.

ದಿನದ ಬದುಕಿನಲ್ಲಿ ಇದು ಹೇಗಿರುತ್ತದೆ? ವಿಮೋಚನಕಾಂಡ 17ರಲ್ಲಿ ಒಂದು ದೃಶ್ಯ ಇದೆ. ಕೆಳಗೆ ಯುದ್ಧ, ಬೆಟ್ಟದ ಮೇಲೆ ಮೋಶೆ ಕೈ ಎತ್ತಿ ನಿಂತಿದ್ದಾನೆ. ಕೈ ಸೋತು ಇಳಿಯುತ್ತಿದೆ. ಆರೋನ, ಹೂರ ಇಬ್ಬರೂ ಒಂದು ಕಲ್ಲು ತಂದು ಅವನನ್ನು ಕೂರಿಸುತ್ತಾರೆ. ಆಮೇಲೆ ಆಚೆ ಒಬ್ಬ, ಈಚೆ ಒಬ್ಬ ನಿಂತು ಸೂರ್ಯ ಮುಳುಗುವ ತನಕ ಕೈ ಹಿಡಿಯುತ್ತಾರೆ. ಅಷ್ಟು ದೊಡ್ಡ ನಾಯಕ, ಕೂತುಕೊಂಡು, ಬೇರೆಯವರ ಕೈಯಲ್ಲಿ ತನ್ನ ಕೈ ಇಟ್ಟು ಆ ದಿನ ಕಳೆದ. ಬಲಹೀನತೆಯಲ್ಲಿ ಬಲ ಬಹಳ ಸಲ ಹೀಗೇ ಬರುತ್ತದೆ: ಕೂರಲು ಒಂದು ಕಲ್ಲು, ಹಿಡಿಯಲು ಎರಡು ಕೈ. "ನನಗೆ ಆಗುತ್ತಿಲ್ಲ, ಸ್ವಲ್ಪ ಬನ್ನಿ" ಎಂದು ಬಾಯಿಬಿಟ್ಟು ಹೇಳುವುದೂ ಈ ವಚನವನ್ನು ಪಾಲಿಸುವ ಒಂದು ರೀತಿ.

ಔಷಧಿ ತೆಗೆದುಕೊಂಡರೆ ನಂಬಿಕೆ ಇಲ್ಲ ಎಂದಾಗುತ್ತದಾ?

ಇಲ್ಲ. ಅರಸ ಹಿಜ್ಕೀಯ ಸಾಯುವ ಹಾಗಿದ್ದಾಗ ಅಳುತ್ತಾ ಪ್ರಾರ್ಥಿಸಿದ. ದೇವರು ವಾಸಿ ಮಾಡುತ್ತೇನೆ ಎಂದು ಮಾತು ಕೊಟ್ಟ. ಆಮೇಲೂ ಯೆಶಾಯ ಹುಣ್ಣಿಗೆ ಅಂಜೂರದ ಹಣ್ಣಿನ ಲೇಪ ಹಚ್ಚಿಸಿದ (ಯೆಶಾಯ 38:21). ಪೌಲನ ಜೊತೆ ಇದ್ದ ಲೂಕ ವೈದ್ಯ. ಡಾಕ್ಟರು ಬರೆದ ಮಾತ್ರೆಯನ್ನು ಪ್ರಾರ್ಥನೆಯ ಹೆಸರಿನಲ್ಲಿ ನಿಲ್ಲಿಸಬೇಡಿ. ಮನಸ್ಸಿನ ಕಾಯಿಲೆಯ ಮಾತ್ರೆಗೂ ಇದೇ ಮಾತು.

ಬದುಕೇ ಬೇಡ ಅನ್ನಿಸುತ್ತಿದೆ. ಇದನ್ನು ಯಾರಿಗೂ ಹೇಳಿಲ್ಲ.

ಮೊದಲು ಒಂದು ಕೆಲಸ ಮಾಡಿ. ಇದನ್ನು ಓದುವುದು ನಿಲ್ಲಿಸಿ, ನಂಬುವ ಒಬ್ಬರಿಗೆ ಈಗಲೇ ಹೇಳಿ. ಮನೆಯವರು, ಗೆಳೆಯರು, ಪಾಸ್ಟರು, ಡಾಕ್ಟರು, ಯಾರಾದರೂ ಸರಿ. ಕೈಮೀರುತ್ತಿದೆ ಅನ್ನಿಸಿದರೆ ನೀವಿರುವ ಕಡೆಯ ತುರ್ತು ಸಹಾಯವಾಣಿಗೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ. ಒಬ್ಬರೇ ಇರಬೇಡಿ.

ಈ ಯೋಚನೆ ಬಂದಿತು ಎಂಬುದಕ್ಕೇ ದೇವರು ನಿಮ್ಮನ್ನು ಕೈಬಿಡುವುದಿಲ್ಲ. ಮೋಶೆ ಸಾವು ಕೇಳಿದ. ಯೋನನೂ ಕೇಳಿದ. ಎಲೀಯನ ಕಥೆಯನ್ನು 1 ಅರಸುಗಳು 19ರಲ್ಲಿ ಓದಿ. ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಗೆಲುವು ಕಂಡ ಮೇಲೆ ಈ ಪ್ರವಾದಿ ಪ್ರಾಣಭಯದಿಂದ ಅಡವಿಗೆ ಓಡಿಹೋದ. ಒಂದು ಗಿಡದ ಕೆಳಗೆ ಕೂತು "ಸಾಕು, ನನ್ನ ಪ್ರಾಣ ತೆಗೆದುಕೋ" ಅಂದ. ದೇವರು ಅವನ ಮಾತಿನಂತೆ ಮಾಡಲಿಲ್ಲ, ಬೈಯಲೂ ಇಲ್ಲ. ಅವನು ನಿದ್ದೆ ಮಾಡಿದ. ದೇವದೂತ ಮುಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಊಟ ಕೊಟ್ಟು, ದಾರಿ ನಿನಗೆ ಬಹಳ ದೂರ ಅಂದ. ಉಪದೇಶ ಒಂದೂ ಇಲ್ಲ. ಮಾತುಕತೆ ಬಂದದ್ದು ಎಷ್ಟೋ ದಿನಗಳ ಮೇಲೆ, ಹೋರೇಬ್ ಬೆಟ್ಟದಲ್ಲಿ, ಮೆಲುದನಿಯಲ್ಲಿ. ಆಗ ದೇವರು ಎಲೀಷನೆಂಬ ಜೊತೆಗಾರನನ್ನೂ ತೋರಿಸಿಕೊಟ್ಟ.

ನಿದ್ದೆ, ಊಟ, ಜೊತೆಗೊಬ್ಬರು. ಈ ಹೊತ್ತಿಗೆ ಇಷ್ಟು ಮಾಡಿದರೆ ಅದು ಆತ್ಮಿಕ ಕೆಲಸವೇ.

ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ.

ಬರದಿದ್ದರೆ ಬೇಡ. ರೋಮಾಪುರದವರಿಗೆ ಬರೆದ ಪತ್ರ 8:26, ಹೇಗೆ ಪ್ರಾರ್ಥಿಸಬೇಕೋ ನಮಗೆ ಗೊತ್ತಿಲ್ಲ ಎಂದು ನೇರವಾಗಿ ಹೇಳುತ್ತದೆ. ಮಾತಿಗೆ ಸಿಗದ ನರಳಾಟದಿಂದ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ ಎಂದೂ ಹೇಳುತ್ತದೆ. 1 ಸಮುವೇಲ 1ರಲ್ಲಿ ಮಗುವಿಗಾಗಿ ಅಳುತ್ತಾ ಬೇಡುತ್ತಿದ್ದ ಹನ್ನಳ ತುಟಿ ಮಾತ್ರ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ. ದೇವರಿಗೆ ಕೇಳಿಸಿತು.

ಮಾರ್ಕ 2ರಲ್ಲಿ ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮಾಳಿಗೆ ತೆಗೆದು ಕೆಳಗಿಳಿಸುತ್ತಾರೆ. ಯೇಸು "ಅವರ" ನಂಬಿಕೆಯನ್ನು ಕಂಡ ಎಂದಿದೆ. ಮಲಗಿದ್ದವನು ಬಾಯಿ ತೆರೆದದ್ದೇ ಅಲ್ಲಿ ಬರೆದಿಲ್ಲ. ಕೆಲವು ಕಾಲ ಬೇರೆಯವರ ಪ್ರಾರ್ಥನೆಯ ಮೇಲೆ ಮಲಗಿ ಹೋಗಬಹುದು.

ಎಲ್ಲರೂ ಕಳಿಸುವ ವಚನಗಳು ನನಗೆ ನೋವೇ ಕೊಡುತ್ತಿವೆ. ಯಾಕೆ?

ಯಾಕೆಂದರೆ ಅವನ್ನು ಅವುಗಳ ಜಾಗದಿಂದ ಕಿತ್ತು ತಂದಿರುತ್ತಾರೆ. ಅವುಗಳ ಜಾಗದಲ್ಲೇ ಇಟ್ಟು ಓದಿದರೆ ಅವು ಮೊದಲಿಗಿಂತ ಗಟ್ಟಿಯಾಗುತ್ತವೆ. ನಿರೀಕ್ಷೆ ಎಂದರೆ ಏನೆಂದು ಕಲಿಯಲು ಯೆರೆಮೀಯ 29:11ಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ಹಿತದ ಆಲೋಚನೆಗಳು, ನಿಮಗೆ ಗತಿಯನ್ನೂ ನಿರೀಕ್ಷೆಯನ್ನೂ ಕೊಡುತ್ತೇನೆ ಎಂಬುದು ಆ ವಚನದ ಮಾತು. ಇದು ಬಾಬೆಲಿಗೆ ಸೆರೆ ಹೋದ ಜನರಿಗೆ ಯೆರೆಮೀಯ ಬರೆದ ಪತ್ರದಲ್ಲಿದೆ. ಅದಕ್ಕೂ ಮುಂಚೆ, 28ನೇ ಅಧ್ಯಾಯದಲ್ಲಿ, ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲಾ ಸರಿಹೋಗುತ್ತದೆ ಎಂದು ಜನರ ಮುಂದೆ ಸಾರಿದ್ದ. ಜನಕ್ಕೆ ಎಷ್ಟು ಖುಷಿಯಾಗಿರಬೇಕು, ಅಲ್ವಾ? ಯೆರೆಮೀಯ ಅದು ಸುಳ್ಳು ಅಂದ. ಅವನ ಪತ್ರದಲ್ಲಿ ಇದ್ದದ್ದು 70 ವರ್ಷ. ಅಂದರೆ ಪತ್ರ ಓದಿದ ಹೆಚ್ಚಿನವರು ಊರಿಗೆ ಮರಳದೆ ಅಲ್ಲೇ ಸಾಯುತ್ತಾರೆ. ಅಂಥವರಿಗೆ ದೇವರು, ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮದುವೆ ಮಾಡಿಕೊಳ್ಳಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಹೇಳಿದ.

ಎರಡು ವರ್ಷದ ಮಾತು ಸಿಹಿಯಾಗಿತ್ತು, ಆದರೆ ಸುಳ್ಳು. 70 ವರ್ಷದ ಮಾತು ಕಠಿಣವಾಗಿತ್ತು, ಆದರೆ ಅದರ ಮೇಲೆ ಮನೆ ಕಟ್ಟಬಹುದಿತ್ತು. "ಮುಂದಿನ ತಿಂಗಳು ನಿನ್ನ ಕಷ್ಟ ಮುಗಿಯುತ್ತದೆ ಎಂದು ಕರ್ತನು ಹೇಳಿದ್ದಾನೆ" ಎಂದು ಯಾರಾದರೂ ಅಂದರೆ ಹನನ್ಯನನ್ನು ನೆನೆಸಿಕೊಳ್ಳಿ. ನಿಜವಾದ ನಿರೀಕ್ಷೆಗೆ ದಿನಾಂಕ ಬೇಕಿಲ್ಲ. ಈ ಕಷ್ಟದ ನಡುವೆಯೇ ಗಿಡ ನೆಡಬಹುದು ಅನ್ನುವ ಧೈರ್ಯ ಅದು.

ಉಳಿದವು ಚುಟುಕಾಗಿ. ರೋಮಾ 8:28, ಎಲ್ಲವೂ ಒಳ್ಳೆಯದೇ ಎಂದು ಹೇಳುವುದಿಲ್ಲ, ದೇವರು ಎಲ್ಲದರೊಳಗೂ ಒಳ್ಳೆಯದಕ್ಕಾಗಿ ಕೆಲಸ ಮಾಡುತ್ತಾನೆ ಅನ್ನುತ್ತದೆ. ಸುತ್ತಲಿನ ವಚನಗಳಲ್ಲಿ ಇಡೀ ಸೃಷ್ಟಿ ಹೆರಿಗೆ ನೋವಿನಲ್ಲಿ ನರಳುತ್ತಿದೆ. "ನಿನಗೆ ತಡೆಯಲಾಗದಷ್ಟು ಕಷ್ಟವನ್ನು ದೇವರು ಕೊಡುವುದಿಲ್ಲ" ಎಂಬ ಮಾತು ಹಾಗೆ ಸತ್ಯವೇದದಲ್ಲಿ ಇಲ್ಲವೇ ಇಲ್ಲ. 1 ಕೊರಿಂಥ 10:13ರ ಸುತ್ತ ಇರುವುದು ವಿಗ್ರಹಾರಾಧನೆ, ಆಸೆಗಳು, ಗೊಣಗಾಟದ ಮಾತು. ಅಲ್ಲಿ ಪಾಪಕ್ಕೆ ಎಳೆಯುವ ಶೋಧನೆಗೆ ತಪ್ಪಿಸಿಕೊಳ್ಳುವ ದಾರಿ ಕೊಡುತ್ತಾನೆ ಎಂದಿದೆ. ತಡೆಯಲಾಗದ ಭಾರ ಬರುತ್ತದೆ. ಪೌಲನಿಗೇ ಬಂತು, ತನ್ನ ಶಕ್ತಿಗೆ ಮೀರಿದ್ದು ಎಂದು ಅವನೇ ಬರೆದಿದ್ದಾನೆ.

ಯೇಸುವಿಗೆ ನನ್ನ ನೋವು ಹೇಗೆ ಗೊತ್ತಾಗುತ್ತದೆ? ಅವನು ದೇವರಲ್ಲವೇ?

ತೀರಿಹೋದ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅತ್ತ. ಮುಂದೆ ಒಳ್ಳೆಯದಾಗುತ್ತದೆ ಎಂದು ಗೊತ್ತಿದ್ದರೂ ಈಗ ಅಳಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಅಪ್ಪಣೆ ಬೇಕಾ?

ಗೆತ್ಸೇಮನೆಯಲ್ಲಿ ಅವನು ಮೂವರು ಗೆಳೆಯರನ್ನು ಹತ್ತಿರ ಕರೆದುಕೊಂಡು, ನನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ, ಎಚ್ಚರವಾಗಿರಿ ಎಂದು ಕೇಳಿಕೊಂಡ. ಅವರು ನಿದ್ದೆ ಹೋದರು. ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡಿದ, ತೊಲಗಲಿಲ್ಲ. ಶಿಲುಬೆಯ ಮೇಲೆ 22ನೇ ಕೀರ್ತನೆಯ ಮೊದಲ ಸಾಲನ್ನು ಕೂಗಿದ: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ? ದೇವರ ಮಗನೇ ತನ್ನ ಸಂಕಟಕ್ಕೆ ಹಳೆಯ ಗೋಳಿನ ಹಾಡೊಂದನ್ನು ಎತ್ತಿಕೊಂಡ. ಜೊತೆಗಾರರು ಮಲಗಿಬಿಟ್ಟಾಗ, ಪ್ರಾರ್ಥನೆಗೆ ಕೇಳಿದ ಉತ್ತರ ಬಾರದಿದ್ದಾಗ, ದೇವರು ದೂರ ಅನ್ನಿಸಿದಾಗ ನೀವು ನಿಂತ ಜಾಗದಲ್ಲಿ ಅವನೂ ನಿಂತಿದ್ದ. ಎದ್ದು ಬಂದ ಮೇಲೂ ಅವನ ಮೈಮೇಲೆ ಗಾಯದ ಗುರುತುಗಳಿದ್ದವು. ತೋಮನಿಗೆ ಅವನ್ನೇ ತೋರಿಸಿದ.

ಮನೆಯಲ್ಲೇ ಹೊಡೆತ, ಹಿಂಸೆ ಇದೆ. ಸಹಿಸಿಕೊಳ್ಳುವುದೇ ಶಿಲುಬೆ ಹೊರುವುದು ಅನ್ನುತ್ತಾರೆ.

ಖಂಡಿತ ಅಲ್ಲ. ಶಿಲುಬೆ ಹೊರುವುದು ಎಂದರೆ ಯೇಸುವನ್ನು ಹಿಂಬಾಲಿಸುವುದರ ಬೆಲೆ ಕೊಡುವುದು. ಇನ್ನೊಬ್ಬರ ಕ್ರೌರ್ಯಕ್ಕೆ ಮೈಯೊಡ್ಡಿ ಕೂರುವುದಲ್ಲ. ಸೌಲ ಈಟಿ ಎಸೆದಾಗ ದಾವೀದ ತಪ್ಪಿಸಿಕೊಂಡು ಓಡಿದ. ಹೆರೋದನ ಕತ್ತಿಯಿಂದ ಮಗುವನ್ನು ಉಳಿಸಲು ಯೋಸೇಫ, ಮರಿಯ ರಾತ್ರೋರಾತ್ರಿ ಐಗುಪ್ತಕ್ಕೆ ಹೊರಟರು. ಪೌಲನನ್ನು ಶಿಷ್ಯರು ಬುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿದರು. ಇನ್ನೊಂದು ಸಲ ಛಡಿಯೇಟಿಗೆ ಕಟ್ಟುವಾಗ, ನಾನು ರೋಮಾಪುರದ ಹಕ್ಕುಳ್ಳವನು ಎಂದು ಕಾನೂನು ಹೇಳಿ ಅದನ್ನು ನಿಲ್ಲಿಸಿದ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ಕಾನೂನಿನ ಸಹಾಯ ಪಡೆಯಿರಿ. ಕ್ಷಮೆಯ ಮಾತು ಆಮೇಲೆ. ಕ್ಷಮಿಸಿದವರು ಹೊಡೆತಕ್ಕೆ ವಾಪಸ್ ಹೋಗಬೇಕೆಂದೇನೂ ಇಲ್ಲ.

ನನ್ನ ಕಾಯಿಲೆ ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಇನ್ನು ಯಾವ ನಿರೀಕ್ಷೆ?

ಕ್ರೈಸ್ತ ನಿರೀಕ್ಷೆ ಕೊನೆಗೆ ನಿಲ್ಲುವುದು ಸತ್ತವರು ಎದ್ದು ಬರುವುದರ ಮೇಲೆ. 1 ಕೊರಿಂಥ 15ರಲ್ಲಿ ಪೌಲ ಇದನ್ನು ಬಿಡಿಸಿ ಹೇಳುತ್ತಾನೆ: ಕ್ರಿಸ್ತನು ಎದ್ದಿಲ್ಲದಿದ್ದರೆ ನಮ್ಮ ನಂಬಿಕೆಯೇ ವ್ಯರ್ಥ. ಬಲಹೀನವಾಗಿ ಬಿತ್ತಿದ ದೇಹ ಬಲವುಳ್ಳದ್ದಾಗಿ ಎದ್ದು ಬರುತ್ತದೆ. ಈಗ ನಿಮ್ಮನ್ನು ಸೋಲಿಸುತ್ತಿರುವ ಇದೇ ದೇಹದ ಮಾತು ಅದು. ದೇವರು ಅದನ್ನು ಮರೆಯುವುದಿಲ್ಲ. ಪ್ರಕಟನೆ 21:4ರಲ್ಲಿ ದೇವರು ಕಣ್ಣೀರನ್ನೆಲ್ಲಾ ಒರಸಿಬಿಡುತ್ತಾನೆ, ಇನ್ನು ಸಾವಿರುವುದಿಲ್ಲ ಎಂದಿದೆ.

ವಾಸಿಯಾಗಲಿ ಎಂದು ಬೇಡುವುದನ್ನು ಇದಕ್ಕಾಗಿ ಬಿಡಬೇಕಿಲ್ಲ. ಎರಡನ್ನೂ ಹಿಡಿದುಕೊಳ್ಳಬಹುದು. ಮನೆಯವರ ಜೊತೆ ಸಾವಿನ ಬಗ್ಗೆ ಮಾತಾಡಿದರೆ ನಂಬಿಕೆ ಸೋತ ಹಾಗಲ್ಲ. ಓದಲು 23ನೇ ಕೀರ್ತನೆ ಇದೆ. ಕಗ್ಗತ್ತಲ ಕಣಿವೆ ಬರುವವರೆಗೆ ಕುರುಬನನ್ನು "ಆತನು" ಎಂದು ಹೇಳುತ್ತಾ ಬಂದವನು, ಕಣಿವೆಯಲ್ಲಿ "ನೀನು ನನ್ನ ಸಂಗಡ ಇದ್ದೀ" ಎಂದು ನೇರವಾಗಿ ಅವನ ಜೊತೆಗೇ ಮಾತಾಡುತ್ತಾನೆ.

ನೋವಿನಲ್ಲಿರುವ ಗೆಳೆಯರ ಹತ್ತಿರ ಹೋದಾಗ ಯಾವ ವಚನ ಹೇಳಲಿ?

ಮೊದಲ ಭೇಟಿಯಲ್ಲಿ ಯಾವುದೂ ಬೇಡ. ಯೋಬನ ಗೆಳೆಯರು ಮಾಡಿದ ಒಂದೇ ಒಳ್ಳೆಯ ಕೆಲಸ, ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತದ್ದು. ಬಾಯಿ ತೆರೆದ ಮೇಲೆ ಕೆಟ್ಟಿತು. ಅಳುವವರ ಸಂಗಡ ಅಳಿರಿ ಎಂದು ರೋಮಾ 12:15 ಹೇಳುತ್ತದೆ. ಊಟ ತೆಗೆದುಕೊಂಡು ಹೋಗಿ, ಆಸ್ಪತ್ರೆಗೆ ಜೊತೆಗೆ ಹೋಗಿ, ಒಂದು ತಿಂಗಳಾದ ಮೇಲೂ ಹೋಗಿ. ಅವರೇ "ಏನಾದರೂ ಓದು" ಅಂದಾಗ ಒಂದು ಕೀರ್ತನೆ ನಿಧಾನವಾಗಿ ಓದಿ. ವಿವರಿಸಬೇಡಿ.

ದಿನಾ ಓದುತ್ತೇನೆ, ಆದರೆ ಏನೂ ಅನ್ನಿಸುವುದಿಲ್ಲ. ಸುಮ್ನೆ ಓದಿ ಏನು ಪ್ರಯೋಜನ?

ಏನಾದರೂ ಅನ್ನಿಸಲೇಬೇಕು ಎಂಬ ನಿಯಮ ಇಲ್ಲ. ಯೆರೂಸಲೇಮ್ ನಾಶವಾದ ಮೇಲೆ ಬರೆದ ಪ್ರಲಾಪಗಳ ಪುಸ್ತಕ ಇದಕ್ಕೆ ಸರಿಯಾದ ಜೊತೆ. ಅದರಲ್ಲಿ ಐದು ಅಧ್ಯಾಯ. ಎಲ್ಲರೂ ಬಾಯಿಪಾಠ ಮಾಡಿರುವ ಮಾತು, ದೇವರ ಕರುಣೆ ಪ್ರತಿ ಬೆಳಿಗ್ಗೆ ಹೊಸದು ಎಂಬುದು, ಮೂರನೇ ಅಧ್ಯಾಯದಲ್ಲಿ, ಪುಸ್ತಕದ ನಡುವೆ ಬರುತ್ತದೆ. ಕೊನೆಯಲ್ಲಿ ಬರುವುದಿಲ್ಲ. ಅದಾದ ಮೇಲೂ ಎರಡು ಅಧ್ಯಾಯ ಅಳು ಇದೆ. ಕೊನೆಯ ವಚನವೂ ಸಮಾಧಾನವಾಗಿಲ್ಲ. ಆ ಮಾತು ಹೇಳಿದ ಮನುಷ್ಯನಿಗೆ ಅದನ್ನು ಹೇಳಿದ ಕೂಡಲೇ ಮನಸ್ಸು ಹಗುರವಾಗಲಿಲ್ಲ ಎಂದಾಯಿತು. ಆದರೂ ಹೇಳಿದ.

ಓದುವ ರೀತಿಯನ್ನು ಸ್ವಲ್ಪ ಬದಲಿಸಿ ನೋಡಿ. ಉದ್ದ ಓದುತ್ತಿದ್ದರೆ ಎರಡು ವಚನಕ್ಕೆ ಇಳಿಸಿ. ಕಣ್ಣು ದಣಿದಿದ್ದರೆ ಆಡಿಯೊ ಬೈಬಲ್ ಹಾಕಿಕೊಂಡು ಮಲಗಿ ಕೇಳಿ. ಹಳೆಯ ಭಾಷೆ ತಲೆಗೆ ಹೋಗದಿದ್ದರೆ ಸರಳ ಕನ್ನಡದ ಅನುವಾದ ತೆಗೆದುಕೊಳ್ಳಿ. ಸಾಧ್ಯವಾದರೆ ಒಬ್ಬರ ಜೊತೆ ಓದಿ, ಫೋನಿನಲ್ಲಾದರೂ ಸರಿ: ಒಂದು ವಚನ ನೀವು, ಒಂದು ವಚನ ಅವರು. ಏನೂ ಅನ್ನಿಸದ ಈ ಮರಗಟ್ಟಿದ ಸ್ಥಿತಿ ವಾರಗಟ್ಟಲೆ ಹೀಗೇ ಇದ್ದು, ನಿದ್ದೆ ಊಟ ಕೆಡುತ್ತಿದ್ದರೆ ಡಾಕ್ಟರನ್ನು ನೋಡಿ, ಓದುವುದನ್ನೂ ಮುಂದುವರಿಸಿ.